ಸುತ್ತಿಗೊಂದು ಸುತ್ತಿಗೆ

ಇದ್ರಿಯಾದಿಂದ ಒಂದು ಲಕೋಟೆ ಬಂತು
ಜೆಲೆಜ್ನಿಕಿಯ ಮೋಟಾರು ಕಾರ್ಖಾನೆಗೆ, ಮಾರ್ಚ್ ಕೊನೆಗೆ,
ಹೊಳೆಯಂಚಿನ ಹಿಮ ಇನ್ನೂ ಪೂರ್ತಿ ಕರಗಿರಲಿಲ್ಲ.
ಒಳಗೊಂದು ಹಾಳೆ, ಹಾಳೆಯ ಮಡಿಕೆಯಲ್ಲಿ
ಗೇಣುದ್ದ ಲೇಸಿನ ಪಟ್ಟಿ.

‘ನಮ್ಮವರ ಮಂಚದ ಪಕ್ಕ
ನಿಮ್ಮ ಮೋಟಾರಿನ ಡಯಾಲಿಸಿಸ್ ಯಂತ್ರ.
ಊರು ಎಚ್ಚರವಿರುವ ತನಕ ಅದು ಸಾಧು.
ಎರಡು ಗಂಟೆಗೆ, ಎಲ್ಲ ಅಡಗಿದ ಮೇಲೆ,
ಹಲ್ಲು ಕಡಿಯುತ್ತದೆ.
ನಾನು ದೀಪದಡಿ ಲೇಸು ಹೆಣೆಯುತ್ತ ಕೂತಿರುತ್ತೇನೆ;
ಕೈಯ ಕಡ್ಡಿಗಳು ನನ್ನ ಮಾತು ಬಿಟ್ಟು
ಅದರ ತಾಳ ಹಿಡಿಯುತ್ತವೆ.
ಸಾಕ್ಷಿ ಲಗತ್ತಿಸಿದ್ದೇನೆ.
                    ಜೋಫ್ಕಾ’

ಬದಲಿ ಯಂತ್ರ ಕಳಿಸಿ, ಟಿಂಕಾರಾ ಅದನ್ನು ತರಿಸಿಕೊಂಡಳು.
ಮೈಕು ಹೇಳಿತು: ಎಲ್ಲ ನಿಯಮದೊಳಗೇ ಇದೆ.
ಮೈಕು ಇರುವುದು ಗಾಳಿಯಲ್ಲಿ;
ದೂರು ಬಂದದ್ದು ಮೇಜಿನ ಕಾಲಿಳಿದು,
ಹಲಗೆನೆಲ ಹಿಡಿದು, ಮಂಚದ ಕಾಲು ಹತ್ತಿ.

ಲೋವ್ರೆಂತ್ಸ್‌ನನ್ನು ಕರೆದಳು.
ಹದಿನಾರನೇ ವಯಸ್ಸಿನಿಂದ ಕಬ್ಬಿಣ ಬಡಿದು
ಎರಡೂ ಕಿವಿ ಕುಲುಮೆಗೆ ಕೊಟ್ಟವನು.
ಕಿವುಡನ ಮುಂದೆ ಕಿನ್ನರಿ ಎನ್ನುವವರು
ಅವನ ಪೆನ್ಸಿಲು ನೋಡಿಲ್ಲ:
ಒಂದು ತುದಿ ಮೋಟಾರಿನ ಮೈಗೆ,
ಇನ್ನೊಂದು ತುದಿ ಬಾಚಿಹಲ್ಲಿನ ನಡುವೆ.
ಕಣ್ಣು ಮುಚ್ಚಿ ದವಡೆಯಲ್ಲಿ ಕೇಳುತ್ತಾನೆ.
ಬೆರಳಲ್ಲಿ ಮೇಜು ಕುಟ್ಟಿ ತೋರಿಸುತ್ತಾನೆ:
ಇಲ್ಲಿ. ಇಲ್ಲಿ. ಇಲ್ಲಿ.

ಮೊದಲು ಮೆಟ್ಟಿಲು ಕಿತ್ತಳು.
ಪ್ರತಿ ಆವರ್ತಕ್ಕೂ ಆರು ಸಲ ಕರೆಂಟು
ಸುರುಳಿಯಿಂದ ಸುರುಳಿಗೆ ಧುಮುಕುತ್ತಿತ್ತು,
ಕತ್ತಲಲ್ಲಿ ಅಟ್ಟ ಇಳಿಯುವ ಮಗುವಿನ ಹಾಗೆ.
ಮೂರಕ್ಕೂ ಅಲೆಯಾಗುವುದನ್ನು ಕಲಿಸಿದಳು,
ಕೊಡ ಕೈಯಿಂದ ಕೈಗೆ ಹೋಗಲಿ, ತುಳುಕದೆ.
ಲೋವ್ರೆಂತ್ಸ್ ತಲೆಯಾಡಿಸಿದ: ಇದೆ ಇನ್ನೂ.

ಆಮೇಲೆ ಸ್ವಿಚ್ಚಿನ ಸಿಳ್ಳೆ. ಸೆಕೆಂಡಿಗೆ
ಎಂಟು ಸಾವಿರವಿದ್ದದ್ದನ್ನು ಇಪ್ಪತ್ತಕ್ಕೆ ಏರಿಸಿದಳು;
ಮನುಷ್ಯರ ಮಟ್ಟಿಗೆ ಸಿಳ್ಳೆ ಸತ್ತಿತು.
ಮೇಜಿನಡಿ ಮಲಗಿದ್ದ ಕಾವಲುಗಾರನ ನಾಯಿ ಮಾತ್ರ
ಎದ್ದು, ಅವಳನ್ನೊಮ್ಮೆ ನೋಡಿ, ಹೊರಗೆ ಹೋಯಿತು.

ಉಳಿದದ್ದು ಕರೆಂಟಿನದಲ್ಲ.
ತಂತಿ ಬಿಚ್ಚಿ ಬರಿಬೆರಳಲ್ಲಿ ಅಕ್ಷ ತಿರುಗಿಸಿದಳು:
ಹನ್ನೆರಡು ಉಕ್ಕಿನ ಹಲ್ಲು, ಹದಿನಾಲ್ಕು ಅಯಸ್ಕಾಂತ,
ಒಂದು ಸುತ್ತಿನಲ್ಲಿ ಎಂಬತ್ತನಾಲ್ಕು ಸಲ
ಸೆರಗು ಹಿಡಿದೆಳೆದು ಬಿಡುವ ಕಬ್ಬಿಣದ ಮೋಹ.
(ಲಕ್ಷ ಬಿಟ್ಟರೆ ನಮ್ಮ ಜನ್ಮಗಳ ಲೆಕ್ಕವೂ ಅಷ್ಟೇ.)

ಎಳೆತ ತಪ್ಪಿಸಲಾಗದು. ಬರೆದಿಡಬಹುದು.
ಎರಡು ರಾತ್ರಿ ಆಮೆಯ ನಡಿಗೆಯಲ್ಲಿ ತಿರುಗಿಸಿ
ಯಾವ ಕೋನದಲ್ಲಿ ಎಷ್ಟು ಎಡವುತ್ತದೆಂದು ಪಟ್ಟಿ ಮಾಡಿ
ಪಟ್ಟಿಯನ್ನು ತಲೆಕೆಳಗಾಗಿಸಿ ಅದಕ್ಕೇ ಉಣಿಸಿದಳು:
ಹಿಂದೆಳೆಯುವಲ್ಲಿ ಒಂದಿಷ್ಟು ದೂಡು,
ಮುಂದೆಳೆಯುವಲ್ಲಿ ಒಂದಿಷ್ಟು ತಡೆ.
ಈ ಪಟ್ಟಿ ಈ ಮೋಟಾರಿಗೆ ಮಾತ್ರ;
ಪಕ್ಕದ ಪೆಟ್ಟಿಗೆಯದಕ್ಕೆ ಕೊಟ್ಟರೆ ಅದು ಕುಂಟುತ್ತದೆ.

ಲೋವ್ರೆಂತ್ಸ್ ಪೆನ್ಸಿಲು ಕಚ್ಚಿ ನಿಂತ, ಬಹಳ ಹೊತ್ತು.
ಒಂದೇ ಬೆರಳೆತ್ತಿದ. ಕಾದ. ಮತ್ತೆ ಎತ್ತಿದ.
‘ಸುತ್ತಿಗೆ ಒಂದು ಸುತ್ತಿಗೆ,’ ಎಂದ, ತುಂಬ ಗಟ್ಟಿಯಾಗಿ,
ತನ್ನ ದನಿ ತನಗೆ ಕೇಳದವರ ಹಾಗೆ.

ಆಗ ಅವಳು ಲೇಸನ್ನು ದೀಪಕ್ಕೆ ಹಿಡಿದಳು.
ಬೆರಳಗಲಕ್ಕೊಂದು ಗಂಟು ಸಡಿಲ,
ಅದೇ ದೂರ, ಅದೇ ಓರೆ.
ಯಾವ ಪರದೆಯೂ ಬರೆಯದ್ದನ್ನು ದಾರ ಬರೆದಿತ್ತು:
ಹದಿನಾಲ್ಕರಲ್ಲಿ ಒಂದು ಅಯಸ್ಕಾಂತ
ಕೂದಲೆಳೆಯಷ್ಟು ಸೊಟ್ಟ ಅಂಟಿದೆ;
ತಿರುವಿನ ತಪ್ಪಲ್ಲ, ಪಕ್ಕಕ್ಕೆಳೆಯುವ ತಪ್ಪು,
ಪಟ್ಟಿಯ ಕೈಗೆ ಸಿಗದ್ದು.
ರೋಟರು ಬದಲಾಯಿತು. ಪಟ್ಟಿ ಮತ್ತೆ ಮೊದಲಿಂದ.

ಮೇ ತಿಂಗಳಲ್ಲಿ ಇನ್ನೊಂದು ಲಕೋಟೆ, ಲೇಸಿಲ್ಲದೆ.
‘ನಿಂತೇ ಹೋಯಿತೆಂದು ಎರಡು ಸಲ ಎದ್ದು
ಮುಟ್ಟಿ ನೋಡಿದೆ. ಓಡುತ್ತಿದೆ.
ಈಗ ಇವರ ಉಸಿರು ಕೇಳಿಸುತ್ತದೆ.
ಅದೂ ಎಲ್ಲೋ ಎಡವುತ್ತದೆ.
ಎಷ್ಟಕ್ಕೊಮ್ಮೆ ಎಂದು ಎಣಿಸುತ್ತಿದ್ದೇನೆ.’

ಟಿಂಕಾರಾ ಉತ್ತರ ಬರೆಯಲು ಕೂತು, ಬರೆಯದೆ,
ಹಾಳೆಯನ್ನು ಲೋವ್ರೆಂತ್ಸ್‌ಗೆ ದಾಟಿಸಿದಳು.
ಅವನು ಕಿಟಕಿಯ ಬಳಿ ನಿಂತು ಓದಿದ.
ಕಿಸೆಯಿಂದ ಪೆನ್ಸಿಲು ತೆಗೆದು ಹಲ್ಲಿಗೆ ಹಿಡಿದ.
ಇನ್ನೊಂದು ತುದಿಯನ್ನು
ಎಲ್ಲಿಗೂ ತಾಗಿಸಲಿಲ್ಲ.